ಭಾರಿ ಲಾರಿಗಳಿಗೆ ಬ್ಯಾಟರಿಯೋ, ಹೈಬ್ರಿಡ್ಡೋ: ಯಾವ ಹಾದಿಗೆ ಯಾವುದು ಒಗ್ಗುತ್ತದೆ?

ಹೊರೆಗಾಡಿ:

ಭಾರಿ ಸರಕು ಲಾರಿಗಳ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಬರುತ್ತದೆ. ಬರೀ ಬ್ಯಾಟರಿಯಿಂದ ಓಡುವ (ಹೊರೆಯೂ ಸೇರಿ) 40 ಟನ್ನಿನ ಲಾರಿ ಇನ್ನೂ ದೂರದ ಮಾತು, ಅಲ್ಲಿಯವರೆಗೆ ಡೀಸೆಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡೂ ಇರುವ ಹೈಬ್ರಿಡ್ ಲಾರಿಯೇ ನಡುವಿನ ಮೆಟ್ಟಿಲು, ಕಾರುಗಳಲ್ಲಿಯೂ ಹೀಗೆಯೇ ಆಯಿತಲ್ಲ ಎನ್ನುತ್ತಾರೆ. ಕಾರನ್ನು ಲಾರಿಯ ಪಕ್ಕದಲ್ಲಿ ನಿಲ್ಲಿಸುವ ಈ ಹೋಲಿಕೆಯೇ ನಮ್ಮನ್ನು ದಾರಿ ತಪ್ಪಿಸುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಹೈಬ್ರಿಡ್ ಬೇಕೆಂದು ಜನ ಬಯಸುವುದು ದೂರದ ಹೆದ್ದಾರಿ ಓಟಕ್ಕೆ. ಅದರಿಂದ ಅತಿ ಕಡಿಮೆ ಉಪಯೋಗ ಸಿಗುವುದೂ ಅಲ್ಲಿಯೇ.

ಕಾರಿನ ಎಂಜಿನ್ ಊರೊಳಗಿನ ಸಂಚಾರದಲ್ಲಿ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತ, ನಿಂತು ನಿಂತು ಹೊರಡುತ್ತದೆ. ಅಂಥ ಅರೆಬರೆ ದುಡಿಮೆಯಲ್ಲಿ ಇಂಧನ ಪೋಲಾಗುತ್ತದೆ. ಬ್ರೇಕ್ ಒತ್ತಿದಾಗಲೆಲ್ಲ ಗಳಿಸಿದ ವೇಗ ಬಿಸಿಯಾಗಿ ಆರಿಹೋಗುತ್ತದೆ. ಹೈಬ್ರಿಡ್ ವ್ಯವಸ್ಥೆ ಈ ಎರಡು ಸೋರಿಕೆಗಳನ್ನು ಮುಚ್ಚುತ್ತದೆ. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಓಡುವ ಲಾರಿಯಲ್ಲಿ ಆ ಸೋರಿಕೆಗಳೇ ಹೆಚ್ಚಾಗಿ ಇರುವುದಿಲ್ಲ. ಅದರ ಡೀಸೆಲ್ ಎಂಜಿನ್ ಹೊತ್ತ ಹೊರೆಗೆ ತಕ್ಕಂತೆ ದುಡಿಯುತ್ತ, ಇಂಧನದಲ್ಲಿರುವ ಶಕ್ತಿಯ ಶೇಕಡಾ 40ರಿಂದ 45ರಷ್ಟನ್ನು ಕೆಲಸಕ್ಕೆ ತರುತ್ತದೆ. ಹಾಗೆ ಚಕ್ರಕ್ಕೆ ಬಂದ ಶಕ್ತಿ ಗಾಳಿಯನ್ನು ಸೀಳುವುದಕ್ಕೆ ಮತ್ತು ಟೈರುಗಳನ್ನು ಉರುಳಿಸುವುದಕ್ಕೆ ಖರ್ಚಾಗುತ್ತದೆ. ಇವೆರಡನ್ನೂ ಯಾವ ಮೋಟಾರೂ ಹಿಂದಕ್ಕೆ ಪಡೆಯಲಾರದು. ಎಂಜಿನ್ ಬರೀ ಜನರೇಟರನ್ನು ತಿರುಗಿಸಿ, ಆ ವಿದ್ಯುತ್ತಿನಿಂದ ಮೋಟಾರ್ ಓಡುವ ಸರಣಿ ಹೈಬ್ರಿಡ್ ಆದರಂತೂ ಸಮತಟ್ಟು ಹೆದ್ದಾರಿಯಲ್ಲಿ ನಷ್ಟವೇ: ಜನರೇಟರ್, ಇನ್ವರ್ಟರ್, ಮೋಟಾರ್ ಒಂದೊಂದೂ ಶೇಕಡಾ 3ರಿಂದ 5ರಷ್ಟು ಸುಂಕ ಕಟ್ಟಿಸಿಕೊಂಡರೆ ಒಟ್ಟು 9ರಿಂದ 14ರಷ್ಟಾಗುತ್ತದೆ, ಸಾಧಾರಣ ಗೇರ್‌ಬಾಕ್ಸ್ ಅಷ್ಟು ನುಂಗುವುದಿಲ್ಲ.

ಹಾಗಾದರೆ ಹೈಬ್ರಿಡ್ ಲಾರಿಗೆ ಜಾಗವೇ ಇಲ್ಲವೇ? ಇದೆ, ಆದರೆ ಬೇರೆ ಕಡೆ ಎಂಬುದು ನನ್ನ ಅನಿಸಿಕೆ. ಅದು ಎಲ್ಲಿ ಎಂಬುದನ್ನು ಬಲ್ಲವರು ಹೇಳಬೇಕು ಎಂದೇ ಈ ಚರ್ಚೆಯನ್ನು ತೆರೆದಿದ್ದೇನೆ.

ಗೇರುಪೆಟ್ಟಿಗೆ:

ಹೊರೆಗಾಡಿ ಅವರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅವರು ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ತೋರಿಸಿದ್ದಾರೆ. ಭಾರಿ ವಾಹನಗಳ ದುರಸ್ತಿಯಲ್ಲಿ ವರ್ಷಾನುಗಟ್ಟಲೆ ಕೈ ಕಪ್ಪಾಗಿಸಿಕೊಂಡವನಾಗಿ ಇನ್ನೊಂದು ತಟ್ಟೆಯನ್ನು ಮುಂದಿಡುತ್ತೇನೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಕಿಲೋವ್ಯಾಟ್-ಗಂಟೆ (ವಿದ್ಯುತ್ ಬಿಲ್ಲಿನ 10 ‘ಯೂನಿಟ್’) ಶಕ್ತಿ ಇದೆ. 40 ಟನ್ನಿನ ಲಾರಿ 100 ಕಿಲೋಮೀಟರಿಗೆ 35 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ, 500 ಕಿಲೋಮೀಟರಿಗೆ 175 ಲೀಟರ್, ಅಂದರೆ 150 ಕಿಲೋಗ್ರಾಮಿನಷ್ಟು ಇಂಧನ ಸಾಕು. ಅದೇ ದೂರಕ್ಕೆ ವಿದ್ಯುತ್ ಲಾರಿಗೆ ಕಿಲೋಮೀಟರಿಗೆ 1.2ರಂತೆ 600 ಕಿಲೋವ್ಯಾಟ್-ಗಂಟೆ ಬೇಕು. ಶಕ್ತಿಯ ಲೆಕ್ಕದಲ್ಲಿ ಇದು ಡೀಸೆಲ್‌ನ ಮೂರನೆಯ ಒಂದು ಪಾಲಿನಷ್ಟೇ ಆಯಿತು, ಒಪ್ಪುತ್ತೇನೆ. ಆದರೆ ಆ 600ನ್ನು ತುಂಬಿಕೊಳ್ಳುವ ಬ್ಯಾಟರಿಯ ತೂಕ ಇಂದಿನ ಮಟ್ಟಿಗೆ ಸುಮಾರು 4 ಟನ್. ಎಂಜಿನ್, ಗೇರ್‌ಬಾಕ್ಸ್, ಇಂಧನದ ಟ್ಯಾಂಕು, ಹೊಗೆ ಶುದ್ಧಿಯ ಸರಂಜಾಮು ಎಲ್ಲವನ್ನೂ ಇಳಿಸಿದರೂ ಉಳಿತಾಯವಾಗುವುದು ಎರಡು ಟನ್ನಿನ ಆಸುಪಾಸು.

ಹಗುರವಾದ ಪೆಟ್ಟಿಗೆಗಳನ್ನು ಸಾಗಿಸುವವರಿಗೆ, ಹೊರೆಯಲ್ಲಿ ಹೀಗೆ ಕಡಿಮೆಯಾಗುವ ಎರಡು ಟನ್ ತಿಳಿಯುವುದೇ ಇಲ್ಲ. ಅವರ ಟ್ರೇಲರ್ ತೂಕದ ಮಿತಿ ಮುಟ್ಟುವ ಮೊದಲೇ ತುಂಬಿಹೋಗುತ್ತದೆ. ಸಿಮೆಂಟು, ಉಕ್ಕು, ಧಾನ್ಯ, ಹಾಲಿನ ಟ್ಯಾಂಕರು ಓಡಿಸುವವರು ಮಾತ್ರ ಪ್ರತಿ ಟ್ರಿಪ್ಪಿನಲ್ಲೂ ಬಾಡಿಗೆ ಕಳೆದುಕೊಳ್ಳುತ್ತಾರೆ. ಐರೋಪ್ಯ ಒಕ್ಕೂಟ ಹೊಗೆರಹಿತ ಲಾರಿಗಳಿಗೆ 2 ಟನ್ನುಗಳವರೆಗೆ ಹೆಚ್ಚುವರಿ ತೂಕದ ಅನುಮತಿ ಕೊಟ್ಟಿದೆ. ಅದರಿಂದ ಈ ನಷ್ಟ ಹೆಚ್ಚುಕಡಿಮೆ ತುಂಬಿಬರುತ್ತದೆ. ಅಂಥ ರಿಯಾಯಿತಿ ಇಲ್ಲದಿರುವ ಕಡೆ ಏನು ಮಾಡಬೇಕು? ಇನ್ನು ಏರುತಗ್ಗಿನ ದಾರಿಗಳ ವಿಷಯ. ಅಲ್ಲಿ ಸಣ್ಣದೊಂದು ಬ್ಯಾಟರಿಯ ಹೈಬ್ರಿಡ್ ಲಾರಿಗೆ ಇಳಿಜಾರಿನಲ್ಲಿ ಪುಕ್ಕಟೆ ಶಕ್ತಿ ಸಿಗುವುದಿಲ್ಲವೇ?

ಇಳಿಜಾರು:

ಗೇರುಪೆಟ್ಟಿಗೆ ಅವರೇ, ಆ ಪುಕ್ಕಟೆ ಶಕ್ತಿಯನ್ನು ಅಳೆದು ನೋಡೋಣ. 40 ಟನ್ನಿನ ಲಾರಿ ಶೇಕಡಾ 6ರ ಇಳಿಜಾರಿನಲ್ಲಿ 10 ಕಿಲೋಮೀಟರ್ ಇಳಿದರೆ ಅದು 600 ಮೀಟರ್ ಎತ್ತರವನ್ನು ಬಿಟ್ಟುಕೊಡುತ್ತದೆ. ಆ ಎತ್ತರದಲ್ಲಿ ಅಡಗಿದ್ದ ಶಕ್ತಿ ಸುಮಾರು 65 ಕಿಲೋವ್ಯಾಟ್-ಗಂಟೆ. ಟೈರುಗಳೂ ಗಾಳಿಯೂ ಸೇರಿ ಅದರಲ್ಲಿ 10ರಷ್ಟನ್ನು ತಿನ್ನುತ್ತವೆ. ಉಳಿದದ್ದು ಮೋಟಾರಿನ ಮೂಲಕ ಬ್ಯಾಟರಿಗೆ ಸೇರುವ ಹೊತ್ತಿಗೆ 45ರಿಂದ 50 ಆಗುತ್ತದೆ. ಸಮತಟ್ಟು ದಾರಿಯಲ್ಲಿ 40 ಕಿಲೋಮೀಟರ್ ಓಡಲು ಇಷ್ಟು ಸಾಕು, ಕಡಿಮೆಯೇನಲ್ಲ.

ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ಇಳಿಜಾರು ಹತ್ತೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ಇಷ್ಟು ಶಕ್ತಿಯನ್ನು ಹಿಡಿಯಬೇಕಾದರೆ ಮೋಟಾರು 300 ಕಿಲೋವ್ಯಾಟ್‌ಗೂ ಮಿಕ್ಕಿ ಎಳೆಯಬಲ್ಲದ್ದಾಗಿರಬೇಕು, ಬ್ಯಾಟರಿಯೂ ಅಷ್ಟೇ ವೇಗವಾಗಿ ನುಂಗಬಲ್ಲದ್ದಾಗಿರಬೇಕು. ನೀವು ಹೇಳುವ ಸಣ್ಣ ಹೈಬ್ರಿಡ್‌ನಲ್ಲಿ 100 ಕಿಲೋವ್ಯಾಟ್ ಮೋಟಾರ್ ಇದ್ದರೆ ಆ ಹತ್ತು ನಿಮಿಷದಲ್ಲಿ ಅದು ಹಿಡಿಯುವುದು ಹೆಚ್ಚೆಂದರೆ 17 ಕಿಲೋವ್ಯಾಟ್-ಗಂಟೆ. ಉಳಿದದ್ದೆಲ್ಲ ಎಂದಿನಂತೆ ಬ್ರೇಕಿನ ಬಿಸಿಯೇ. ತೊರೆಯ ಕೆಳಗೆ ಲೋಟ ಹಿಡಿದಂತೆ. ಇಳಿಜಾರಿನ ಲಾಭ ಪೂರ್ತಿ ಬೇಕಾದರೆ ದೊಡ್ಡ ಬ್ಯಾಟರಿಯೇ ಬೇಕು, ದೊಡ್ಡ ಬ್ಯಾಟರಿ ಇಟ್ಟ ಮೇಲೆ ಜೊತೆಗೆ ಡೀಸೆಲ್ ಎಂಜಿನನ್ನು ಯಾಕೆ ಹೊರಬೇಕು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಇದಕ್ಕೆ ನನಗೆ ಪ್ರಿಯವಾದ ಉದಾಹರಣೆ ಸ್ವಿಟ್ಜರ್ಲೆಂಡ್‌ನ ಒಂದು ಸಿಮೆಂಟು ಕಲ್ಲುಗಣಿಯಲ್ಲಿದೆ. ಅಲ್ಲಿ ಕೊಮಾತ್ಸು ಕಂಪನಿಯ ಗಣಿ ಲಾರಿಯೊಂದರ ಡೀಸೆಲ್ ಎಂಜಿನ್ ತೆಗೆದು 600 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಕೂರಿಸಿದರು. ‘ಇ-ಡಂಪರ್’ ಎಂಬುದು ಅದರ ಹೆಸರು. ಕಲ್ಲು ಬೆಟ್ಟದ ಮೇಲಿದೆ, ಕಾರ್ಖಾನೆ ಕೆಳಗಿದೆ. ಲಾರಿ ಖಾಲಿಯಾಗಿ ಹತ್ತುತ್ತದೆ, 65 ಟನ್ ಕಲ್ಲು ಹೊತ್ತು ಇಳಿಯುತ್ತದೆ. ಹತ್ತುವುದಕ್ಕೆ ಬೇಕಾದ ಶಕ್ತಿಯ ಬಹುಭಾಗವನ್ನು ಇಳಿಯುವ ಕಲ್ಲೇ ಕೊಡುತ್ತದೆ. ಗಣಿ ಬೆಟ್ಟದ ಮೇಲಿರದೆ ತಗ್ಗಿನಲ್ಲಿದ್ದಿದ್ದರೆ ಇದೇ ಲಾರಿ ತುಂಬಿದ ಹೊರೆಯನ್ನು ಮೇಲಕ್ಕೆಳೆದು ದಿನಕ್ಕೆ ಹಲವು ಬಾರಿ ಚಾರ್ಜಿಂಗ್‌ಗೆ ನಿಲ್ಲಬೇಕಾಗುತ್ತಿತ್ತು.

ಹೊಸಬ:

ನಾನು ಈ ಕ್ಷೇತ್ರದವನಲ್ಲ, ಆದ್ದರಿಂದ ಪ್ರಶ್ನೆ ಬಾಲಿಶವೆನಿಸಿದರೆ ಮನ್ನಿಸಿ. ಡೀಸೆಲ್ ತುಂಬಿಸಲು ಹದಿನೈದು ನಿಮಿಷ ಸಾಕು. 600 ಕಿಲೋವ್ಯಾಟ್-ಗಂಟೆಯನ್ನು ತುಂಬಿಸಲು ಲಾರಿ ಅರ್ಧ ದಿನ ನಿಂತಿರಬೇಕಾದರೆ ಮೇಲಿನ ಲೆಕ್ಕಗಳೆಲ್ಲ ಕಾಗದದ ಮೇಲಷ್ಟೇ ಉಳಿಯುವುದಿಲ್ಲವೇ?

ಸಬ್‌ಸ್ಟೇಷನ್:

ಬಾಲಿಶವೇನಲ್ಲ, ಇಡೀ ಚರ್ಚೆಯ ಗಂಟು ಇರುವುದೇ ಅಲ್ಲಿ. ವಿದ್ಯುತ್ ವಿತರಣೆಯ ಕಡೆಯವನಾದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ.

ಐರೋಪ್ಯ ಒಕ್ಕೂಟದ ನಿಯಮದಂತೆ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ನಾಲ್ಕೂವರೆ ಗಂಟೆಯಲ್ಲಿ ಲಾರಿ 80ರ ವೇಗದಲ್ಲಿ 360 ಕಿಲೋಮೀಟರ್ ಓಡಿ, ಸುಮಾರು 430 ಕಿಲೋವ್ಯಾಟ್-ಗಂಟೆ ಖರ್ಚು ಮಾಡಿರುತ್ತದೆ. ಅಷ್ಟನ್ನು 45 ನಿಮಿಷದಲ್ಲಿ ಮರಳಿ ತುಂಬಲು ಸರಾಸರಿ 600 ಕಿಲೋವ್ಯಾಟ್‌ಗಿಂತ ಕಡಿಮೆ ಶಕ್ತಿಯ ಚಾರ್ಜರ್ ಸಾಕಾಗುತ್ತದೆ. ಕಾರುಗಳ ವೇಗದ ಚಾರ್ಜರುಗಳು 350 ಕಿಲೋವ್ಯಾಟ್‌ನ ಆಸುಪಾಸಿನಲ್ಲಿ ನಿಲ್ಲುತ್ತಿದ್ದುದರಿಂದಲೇ ಲಾರಿಗಳಿಗೆಂದು ಪ್ರತ್ಯೇಕವಾದ ಮೆಗಾವ್ಯಾಟ್ ಚಾರ್ಜಿಂಗ್ ವ್ಯವಸ್ಥೆಯನ್ನು ರೂಪಿಸಿ, 2022ರಲ್ಲಿ ಓಸ್ಲೋದಲ್ಲಿ ಬಿಡುಗಡೆ ಮಾಡಿದರು. 1250 ವೋಲ್ಟ್, 3000 ಆಂಪಿಯರ್, ಅಂದರೆ 3.75 ಮೆಗಾವ್ಯಾಟ್‌ವರೆಗೆ ಅದರ ವಿನ್ಯಾಸದ ಮಿತಿ ಇದೆ. 2023ರ ಅಕ್ಟೋಬರಿನಲ್ಲಿ ಅನಾವರಣಗೊಂಡ ಮರ್ಸಿಡಿಸ್ ಇ-ಆಕ್ಟ್ರೋಸ್ 600 ಲಾರಿಗೆ 621 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಇದೆ. ಒಂದು ಮೆಗಾವ್ಯಾಟ್ ಚಾರ್ಜರಿನಲ್ಲಿ ಶೇಕಡಾ 20ರಿಂದ 80ಕ್ಕೆ ಏರಲು ಸುಮಾರು ಅರ್ಧ ಗಂಟೆ ಎಂಬುದು ತಯಾರಕರ ಮಾತು. ಒಟ್ಟಿನಲ್ಲಿ ಚಾಲಕ ಊಟ ಮಾಡುವ ಹೊತ್ತಿನಲ್ಲೇ ಲಾರಿಯ ಊಟವೂ ಆಗುತ್ತದೆ.

ಈಗ ಕಹಿ ಭಾಗ. ಲಾರಿಯನ್ನು ತಯಾರಿಸುವುದಕ್ಕಿಂತ ಅದು ನಿಲ್ಲುವ ಜಾಗಕ್ಕೆ ವಿದ್ಯುತ್ ತರುವುದೇ ಕಷ್ಟ. 50 ಲಾರಿಗಳಿರುವ ಒಂದು ಡಿಪೋ, ಒಂದೊಂದಕ್ಕೂ ರಾತ್ರಿ 350 ಕಿಲೋವ್ಯಾಟ್-ಗಂಟೆ, ಎಂಟು ಗಂಟೆಗಳ ಅವಧಿ ಎಂದುಕೊಳ್ಳಿ: ಎಡೆಬಿಡದೆ 2.2 ಮೆಗಾವ್ಯಾಟ್ ಬೇಕು. ಇಷ್ಟು ದೊಡ್ಡ ಸಂಪರ್ಕಕ್ಕೆ ಟ್ರಾನ್ಸ್‌ಫಾರ್ಮರ್ ಬದಲಿಸಬೇಕು, ಕೆಲವೊಮ್ಮೆ ನೆಲದಡಿ ಹೊಸ ಕೇಬಲ್ ಎಳೆಯಬೇಕು. ಲಾರಿ ಕೆಲವೇ ತಿಂಗಳಲ್ಲಿ ಕೈಗೆ ಬಂದರೂ ಸಂಪರ್ಕ ಬರಲು ವರ್ಷಗಳೇ ಹಿಡಿಯಬಹುದು. ಹೆದ್ದಾರಿಗಳ ವಿಷಯದಲ್ಲಿ ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನನ್ನೇ ಮಾಡಿದೆ: 2030ರ ಕೊನೆಯೊಳಗೆ ಮುಖ್ಯ ಹೆದ್ದಾರಿ ಜಾಲದಲ್ಲಿ ಪ್ರತಿ 60 ಕಿಲೋಮೀಟರಿಗೊಂದು, ಎರಡೂ ದಿಕ್ಕಿನಲ್ಲಿ, ಒಟ್ಟು 3600 ಕಿಲೋವ್ಯಾಟ್ ಕೊಡಬಲ್ಲ ಲಾರಿ ಚಾರ್ಜಿಂಗ್ ತಾಣ ಇರಬೇಕು. ಹೈಬ್ರಿಡ್‌ನ ಭವಿಷ್ಯವನ್ನು ನಿರ್ಧರಿಸುವುದು ಎಂಜಿನಿಯರುಗಳ ಜಾಣತನಕ್ಕಿಂತ ಹೆಚ್ಚಾಗಿ ಇಂಥ ತಾಣಗಳು ಎಷ್ಟು ಬೇಗ ಏಳುತ್ತವೆ ಎಂಬುದು.

ಗೇರುಪೆಟ್ಟಿಗೆ:

ಸಬ್‌ಸ್ಟೇಷನ್ ಅವರು ನನ್ನ ಕೈಗೇ ದಾಳ ಕೊಟ್ಟಿದ್ದಾರೆ. ಕೇಬಲ್ ತಲುಪದ ಕಡೆಯೂ ಲಾರಿಗಳು ದುಡಿಯುತ್ತವೆ. ಕಾಡಿನಿಂದ ಮರದ ದಿಮ್ಮಿ ಇಳಿಸುವ ದಾರಿಗೆ ವಿದ್ಯುತ್ ಕಂಬವೇ ಇರುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2021ರಲ್ಲಿ ಆರಂಭವಾದ ಎಡಿಸನ್ ಮೋಟಾರ್ಸ್ ಎಂಬ ಸಣ್ಣ ಕಂಪನಿ ಸರಣಿ ಹೈಬ್ರಿಡ್ ಲಾರಿಯನ್ನು ಕಟ್ಟಿದ್ದು ಇಂಥ ಕೆಲಸಕ್ಕಾಗಿಯೇ. ಚಕ್ರಗಳನ್ನು ತಿರುಗಿಸುವುದು ಯಾವಾಗಲೂ ಮೋಟಾರ್. ಡೀಸೆಲ್ ಎಂಜಿನ್ ತನಗೆ ಹಿತವಾದ ವೇಗದಲ್ಲಿ ತಿರುಗುತ್ತ ಬ್ಯಾಟರಿಯನ್ನು ತುಂಬುತ್ತಿರುತ್ತದೆ. ಖಾಲಿಯಾಗಿ ಬೆಟ್ಟ ಹತ್ತಿ, ದಿಮ್ಮಿ ಹೊತ್ತು ಇಳಿಯುವುದು ಇಲ್ಲಿಯೂ ಉಂಟು, ಇಳಿಜಾರು ಅವರ ಕಲ್ಲುಗಣಿಯ ಹಾಗೆ.

ಎದುರು ಉದಾಹರಣೆಯನ್ನೂ ಮುಚ್ಚಿಡುವುದಿಲ್ಲ. ಅಮೆರಿಕದ ಹಿಲಿಯಾನ್ ಕಂಪನಿ ನೈಸರ್ಗಿಕ ಅನಿಲದ ಜನರೇಟರ್ ಹೊತ್ತ ಸರಣಿ ಹೈಬ್ರಿಡ್ ಲಾರಿಯನ್ನು ದೂರದ ಹೆದ್ದಾರಿಗೆಂದು ಸಿದ್ಧಪಡಿಸಿ, 2023ರ ನವೆಂಬರಿನಲ್ಲಿ ಆ ವ್ಯವಹಾರವನ್ನೇ ಮುಚ್ಚಿತು. ಹೊರೆಗಾಡಿ ಅವರ ವಾದಕ್ಕೆ ಇದು ಸಾಕ್ಷಿಯಂತೆ ಕಾಣುತ್ತದೆ ಎಂದು ಒಪ್ಪಿಕೊಳ್ಳುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ.

ಹೊರೆಗಾಡಿ:

ಒಂದು ಕಂಪನಿ ಆ ವ್ಯವಹಾರ ಮುಚ್ಚಿದ್ದನ್ನು ಪೂರ್ಣ ಸಾಕ್ಷಿ ಎನ್ನಲಾರೆ. ಹಣ ಸಾಲದಿದ್ದರೂ ಕಂಪನಿಗಳು ವ್ಯವಹಾರ ಮುಚ್ಚುತ್ತವೆ. ಆದರೆ ಕಾಡಿನ ಲಾರಿಯ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಅದೇ ಸಾಲಿಗೆ ನಿಂತಲ್ಲೇ ದುಡಿಯುವ ಲಾರಿಗಳನ್ನೂ ಸೇರಿಸಬೇಕು: ಕಾಂಕ್ರೀಟ್ ಮಿಕ್ಸರ್, ಕ್ರೇನ್ ಹೊತ್ತ ಲಾರಿ, ಕೊಳವೆಬಾವಿ ಕೊರೆಯುವ ಲಾರಿ. ಇವುಗಳಲ್ಲಿ ಎಂಜಿನ್ ಗಂಟೆಗಟ್ಟಲೆ ಸಣ್ಣ ಹೊರೆಯಲ್ಲಿ ಗೊರಗುಟ್ಟುತ್ತಿರುತ್ತದೆ. ಆ ಕೆಲಸವನ್ನು ಬ್ಯಾಟರಿಗೆ ಒಪ್ಪಿಸಿ, ಎಂಜಿನನ್ನು ಬೇಕಾದಾಗ ಮಾತ್ರ ಎಬ್ಬಿಸಿದರೆ ಉಳಿತಾಯ ನಿಜವಾದದ್ದು. ಕಸದ ಲಾರಿಯನ್ನು ಈ ಪಟ್ಟಿಯಿಂದ ಬೇಕೆಂದೇ ಬಿಟ್ಟಿದ್ದೇನೆ. ದಿನದ ದಾರಿ ಚಿಕ್ಕದು, ನೂರಾರು ಸಲ ನಿಲ್ಲುತ್ತದೆ, ರಾತ್ರಿ ಡಿಪೋಗೆ ಮರಳುತ್ತದೆ, ಹಾಗಾಗಿ ಅದಕ್ಕೆ ಬರೀ ಬ್ಯಾಟರಿಯೇ ಸರಿ.

ಒಂದು ಗೊಂದಲವನ್ನೂ ಬಗೆಹರಿಸಿಬಿಡೋಣ. ದೊಡ್ಡ ಗಣಿ ಲಾರಿಗಳಲ್ಲಿ ಡೀಸೆಲ್ ಎಂಜಿನ್, ಜನರೇಟರ್, ಚಕ್ರದಲ್ಲಿ ಮೋಟಾರ್ ಎಂಬ ವ್ಯವಸ್ಥೆ ದಶಕಗಳಿಂದ ಇದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿ ಇಲ್ಲ, ಇಳಿಯುವಾಗ ಹುಟ್ಟುವ ವಿದ್ಯುತ್ತನ್ನು ಬಿಸಿಯಾಗಿ ಮಾರ್ಪಡಿಸುವ ದೊಡ್ಡ ರೆಸಿಸ್ಟರುಗಳಲ್ಲಿ ಸುಟ್ಟು ಗಾಳಿಗೆ ಬಿಡುತ್ತಾರೆ. ಅಲ್ಲಿ ವಿದ್ಯುತ್ತಿನ ಪಾತ್ರ ಗೇರ್‌ಬಾಕ್ಸಿನದು ಮಾತ್ರ, ಆದ್ದರಿಂದ ಅವು ನಾವು ಇಲ್ಲಿ ಹೇಳುವ ಹೈಬ್ರಿಡ್ ಅಲ್ಲ.

ತಂತಿಹಾದಿ:

ಬ್ಯಾಟರಿಯನ್ನು ಹೊರುವ ಬದಲು ದಾರಿಯೇ ವಿದ್ಯುತ್ ಕೊಡಬಾರದೇಕೆ ಎಂದು ಯಾರೂ ಕೇಳಲಿಲ್ಲ. ಸ್ವೀಡನ್ನಿನ ಇ16 ಹೆದ್ದಾರಿಯಲ್ಲಿ 2016ರಲ್ಲಿ ರೈಲು ಮಾರ್ಗದಂತೆ ಮೇಲೆ ತಂತಿ ಕಟ್ಟಿ, ತಂತಿಯಿಂದ ವಿದ್ಯುತ್ ಪಡೆಯುವ ಪ್ಯಾಂಟೋಗ್ರಾಫ್ ತೋಳು ಹೊತ್ತ ಸ್ಕಾನಿಯಾ ಹೈಬ್ರಿಡ್ ಲಾರಿಗಳನ್ನು ಓಡಿಸಿದರು. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಬಳಿಯ ಎ5 ಹೆದ್ದಾರಿಯಲ್ಲಿ 2019ರಲ್ಲಿ ಇಂಥದೇ ಪ್ರಯೋಗ ಆರಂಭವಾಯಿತು. ತಂತಿಯ ಕೆಳಗೆ ವಿದ್ಯುತ್ತಿನಿಂದ ಓಡಿ, ತಂತಿ ಮುಗಿದ ಮೇಲೆ ಎಂಜಿನ್ನಿಗೆ ಬದಲಾಗುವ ಲಾರಿ ಹೈಬ್ರಿಡ್‌ಗೆ ನಿಜಕ್ಕೂ ಒಪ್ಪುವ ಕೆಲಸ ಎಂದು ನಾನು ಆಗ ನಂಬಿದ್ದೆ. ಪ್ರಯೋಗಗಳು ತಾಂತ್ರಿಕವಾಗಿ ಸೋಲಲಿಲ್ಲ. ಆದರೆ ಸಾವಿರಾರು ಕಿಲೋಮೀಟರ್ ತಂತಿ ಕಟ್ಟುವವರೆಗೆ ಲಾರಿ ಕೊಳ್ಳುವವರಿಲ್ಲ, ಲಾರಿ ಇಲ್ಲದೆ ತಂತಿ ಕಟ್ಟುವವರಿಲ್ಲ. ಅಷ್ಟರಲ್ಲಿ ಬ್ಯಾಟರಿ ಅಗ್ಗವಾಯಿತು. ಸ್ವೀಡನ್ನಿನ ಐಟಿಕ್ ತಾಮ್ರದ ಗಣಿಯಂಥ ಕಡೆ, ಅದೇ ಏರುದಾರಿಯಲ್ಲಿ ಅದೇ ಲಾರಿಗಳು ದಿನವಿಡೀ ಹತ್ತುವುದರಿಂದ, ತಂತಿ ತನ್ನ ಖರ್ಚನ್ನು ದುಡಿದುಕೊಳ್ಳುತ್ತದೆ.

ಚೀನಾದವರು ಇನ್ನೊಂದು ದಾರಿ ಹಿಡಿದಿದ್ದಾರೆ. ಚಾಲಕನ ಕೋಣೆಯ ಹಿಂದೆ ನಿಲ್ಲಿಸಿದ ಖಾಲಿ ಬ್ಯಾಟರಿಯನ್ನು ಕ್ರೇನ್ ಎತ್ತಿ, ಅದರ ಜಾಗಕ್ಕೆ ತುಂಬಿದ್ದನ್ನು ಇಳಿಸುತ್ತದೆ. ಕೆಲವೇ ನಿಮಿಷಗಳ ಕೆಲಸ. ಬಂದರು, ಉಕ್ಕಿನ ಕಾರ್ಖಾನೆ, ಗಣಿಗಳ ನಡುವಿನ ಗೊತ್ತಾದ ದಾರಿಗಳಲ್ಲಿ ಇದು ಚೆನ್ನಾಗಿ ನಡೆಯುತ್ತಿದೆ.

ಹೊಸಬ:

ಜಲಜನಕದ ಲಾರಿಗಳ ಕುರಿತು ಒಬ್ಬರೂ ಬರೆಯಲಿಲ್ಲವಲ್ಲ?

ಸಬ್‌ಸ್ಟೇಷನ್:

ಬರೆಯದಿರುವುದಕ್ಕೆ ಕಾರಣವಿದೆ. ವಿದ್ಯುತ್ತಿನಿಂದ ಜಲಜನಕ ತೆಗೆದು, ಒತ್ತಡದಲ್ಲಿ ತುಂಬಿ, ಇಂಧನ ಕೋಶದಲ್ಲಿ ಮತ್ತೆ ವಿದ್ಯುತ್ ಮಾಡುವ ಹೊತ್ತಿಗೆ ಮೂಲದ ಮೂರನೆಯ ಒಂದು ಪಾಲಷ್ಟೇ ಚಕ್ರಕ್ಕೆ ಉಳಿಯುತ್ತದೆ. ಬ್ಯಾಟರಿಯ ದಾರಿಯಲ್ಲಿ ಮುಕ್ಕಾಲು ಪಾಲು ಉಳಿಯುತ್ತದೆ. ಹುಂಡೈ ಕಂಪನಿಯ ಜಲಜನಕ ಲಾರಿಗಳು 2020ರಿಂದ ಸ್ವಿಟ್ಜರ್ಲೆಂಡ್‌ನಲ್ಲಿ ಓಡಿವೆ, ಅದು ಸಾಧನೆಯೇ ಸರಿ. ಇಂಥ ಲಾರಿಗಳನ್ನು ತಯಾರಿಸುತ್ತಿದ್ದ ಅಮೆರಿಕದ ನಿಕೋಲಾ ಕಂಪನಿ 2025ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಇಳಿಜಾರಿನಲ್ಲಿ ಉರುಳಿಬಿಟ್ಟ ಲಾರಿಯ ಚಿತ್ರ ತೆಗೆದು ಅದು ತಾನಾಗಿ ಓಡುತ್ತಿರುವಂತೆ ತೋರಿಸಿದ್ದು ಇದೇ ಕಂಪನಿ; ಇಳಿಜಾರು ಅವರ ಲೆಕ್ಕಕ್ಕೆ ಇಂಥದೊಂದು ಉಪಯೋಗವೂ ಇದೆಯೆನ್ನಿ.

ಲೆಕ್ಕಪುಸ್ತಕ:

ಇಷ್ಟೆಲ್ಲ ಚರ್ಚೆಯಲ್ಲಿ ಲಾರಿ ಕೊಳ್ಳುವವನ ಜೇಬಿನ ಮಾತು ಬರಲಿಲ್ಲ. ಲಾರಿ ಅಲಂಕಾರಕ್ಕೆ ಕೊಳ್ಳುವ ವಸ್ತುವಲ್ಲ. ಕಿಲೋಮೀಟರಿಗೆ ಎಷ್ಟು ಖರ್ಚು, ಎಷ್ಟು ಗಳಿಕೆ ಎಂಬುದೇ ಮಾಲೀಕನಿಗೆ ಮುಖ್ಯ. ವಿದ್ಯುತ್ ಲಾರಿಯ ಬೆಲೆ ಹೆಚ್ಚು, ಓಡಿಸುವ ಖರ್ಚು ಕಡಿಮೆ. ಆದ್ದರಿಂದ ವರ್ಷಕ್ಕೆ ಹೆಚ್ಚು ಓಡುವ ಲಾರಿಗೇ ಅದು ಮೊದಲು ಲಾಭ ತರುತ್ತದೆ, ದೂರದ ಓಟಕ್ಕೆ ಕೊನೆಗೆ ಬರುತ್ತದೆ ಎಂಬ ಎಣಿಕೆ ಇಲ್ಲಿಯೂ ತಲೆಕೆಳಗಾಗುತ್ತದೆ. ಬ್ಲೂಮ್‌ಬರ್ಗ್‌ಎನ್‌ಇಎಫ್ ಎಂಬ ಸಂಶೋಧನಾ ಸಂಸ್ಥೆಯ ಸಮೀಕ್ಷೆಯ ಪ್ರಕಾರ 2010ರಲ್ಲಿ ಕಿಲೋವ್ಯಾಟ್-ಗಂಟೆಗೆ 1000 ಡಾಲರಿಗೂ ಮೇಲಿದ್ದ ಲಿಥಿಯಂ ಬ್ಯಾಟರಿಯ ಸರಾಸರಿ ಬೆಲೆ 2024ರಲ್ಲಿ 115 ಡಾಲರಿಗೆ ಇಳಿಯಿತು. ಹೈಬ್ರಿಡ್ ಲಾರಿಯಲ್ಲಿ ಹೀಗೆ ಇಳಿಯುವುದು ಅರ್ಧ ಭಾಗ ಮಾತ್ರ. ಎಂಜಿನ್, ಹೊಗೆ ಶುದ್ಧಿ, ತೈಲ ಬದಲಾವಣೆ ಎಲ್ಲವೂ ಹಾಗೆಯೇ ಉಳಿದು, ಅದರ ಮೇಲೆ ಮೋಟಾರಿನ ಖರ್ಚೂ ಕೂಡುತ್ತದೆ.

ನನ್ನ ನಿಜವಾದ ಆತಂಕ ಎರಡನೆಯ ಮಾರಾಟದ್ದು. ಹೊಸ ಲಾರಿಯನ್ನು ದೊಡ್ಡ ಕಂಪನಿಗಳು ಕೊಳ್ಳುತ್ತವೆ, ಐದಾರು ವರ್ಷಗಳ ಮೇಲೆ ಅದು ಸಣ್ಣ ಮಾಲೀಕನ ಕೈಗೆ ಬರುತ್ತದೆ, ಕಡೆಗೆ ಒಂದೇ ಲಾರಿಯ ಮಾಲೀಕನೂ ಚಾಲಕನೂ ಆದವನ ಅನ್ನವಾಗುತ್ತದೆ. ಹಳೆಯ ಡೀಸೆಲ್ ಎಂಜಿನ್ನಿನ ಆರೋಗ್ಯವನ್ನು ಅನುಭವಸ್ಥ ಮೆಕ್ಯಾನಿಕ್ ಶಬ್ದ ಕೇಳಿಯೇ ಹೇಳಬಲ್ಲ. ಹಳೆಯ ಬ್ಯಾಟರಿಗೆ ಕಿವಿಗೊಟ್ಟರೆ ಏನೂ ಕೇಳುವುದಿಲ್ಲ. ಇ-ಆಕ್ಟ್ರೋಸ್ ತಯಾರಕರು 10 ವರ್ಷಗಳಲ್ಲಿ 12 ಲಕ್ಷ ಕಿಲೋಮೀಟರ್ ಓಡಿದ ಮೇಲೂ ಬ್ಯಾಟರಿಯಲ್ಲಿ ಶೇಕಡಾ 80ರಷ್ಟು ಸತ್ವ ಉಳಿಯುವಂತೆ ವಿನ್ಯಾಸ ಮಾಡಿರುವುದಾಗಿ ಹೇಳುತ್ತಾರೆ; ಅಂಥ ಹತ್ತು ವರ್ಷ ಇನ್ನೂ ಕಳೆದಿಲ್ಲ.

ಸರ್ಕಾರಗಳ ಮಾತೂ ಒಂದೇ ಕಡೆ ನಿಂತಿಲ್ಲ. ಐರೋಪ್ಯ ಒಕ್ಕೂಟ 2019ಕ್ಕೆ ಹೋಲಿಸಿ ಹೊಸ ಭಾರಿ ವಾಹನಗಳ ಇಂಗಾಲದ ಹೊಗೆಯನ್ನು 2030ಕ್ಕೆ ಶೇಕಡಾ 45, 2035ಕ್ಕೆ 65, 2040ಕ್ಕೆ 90ರಷ್ಟು ತಗ್ಗಿಸಬೇಕೆಂದು 2024ರಲ್ಲಿ ವಿಧಿಸಿತು. ಶೇಕಡಾ 90 ಎಂಬ ಅಂಕಿಯನ್ನು ಡೀಸೆಲ್ ಹೈಬ್ರಿಡ್‌ನಿಂದ ಮುಟ್ಟಲಾಗದು. ಇತ್ತ ಕ್ಯಾಲಿಫೋರ್ನಿಯಾ ರಾಜ್ಯ, ಹೊಗೆರಹಿತ ಲಾರಿಗಳಿಗೆ ಹೊರಳಬೇಕೆಂದು ದೊಡ್ಡ ವಾಹನ ಸಮೂಹಗಳ ಮಾಲೀಕರಿಗೆ ವಿಧಿಸಿದ್ದ ತನ್ನ ನಿಯಮಕ್ಕೆ ಕೇಂದ್ರದ ಒಪ್ಪಿಗೆ ಕೋರಿದ್ದ ಅರ್ಜಿಯನ್ನು 2025ರ ಜನವರಿಯಲ್ಲಿ ಹಿಂಪಡೆಯಿತು. ಹತ್ತು ವರ್ಷ ದುಡಿಸಲೆಂದು ಲಾರಿ ಕೊಳ್ಳುವವನು ಇಂಥ ಓಲಾಟದ ನಡುವೆ ಹಳೆಯ ಡೀಸೆಲ್ ಲಾರಿಯನ್ನೇ ಇನ್ನಷ್ಟು ದಿನ ಸವೆಸುತ್ತಾನೆ. ನಿಯಮ ಬಿಗಿಯಾಗಿದ್ದರೂ ಅವನು ತಾಳಿಕೊಂಡಾನು, ಅದು ಅತ್ತಿತ್ತ ವಾಲುತ್ತಿದ್ದರೆ ತಾಳಿಕೊಳ್ಳಲಾರ.

ಸ್ಟಿಯರಿಂಗ್:

ಓಡಿಸುವವನ ಕಡೆಯಿಂದ ಎರಡು ಮಾತು. ವಿದ್ಯುತ್ ಲಾರಿಯಲ್ಲಿ ತುಂಬಿದ ಟ್ರೇಲರ್ ಎಳೆದು ಏರು ಹತ್ತುವಾಗ ಗೇರ್ ಇಳಿಸುವ ಗೋಳಿಲ್ಲ, ದಿನದ ಕೊನೆಗೆ ಕಿವಿಯಲ್ಲಿ ಗುಂಯ್‌ಗುಡುವ ಸದ್ದಿಲ್ಲ. ಅದನ್ನು ಒಮ್ಮೆ ಅನುಭವಿಸಿದವರು ಹಿಂದಕ್ಕೆ ಹೋಗಲು ಒಪ್ಪುವುದು ಕಷ್ಟ. ಆದರೆ ಚಾರ್ಜಿಂಗ್ ತಾಣಗಳನ್ನು ಕಾರಿನ ಅಳತೆಗೆ ಕಟ್ಟಿರುತ್ತಾರೆ. ಹದಿನಾರು ಮೀಟರ್ ಉದ್ದದ ಗಾಡಿಯನ್ನು ಒಳಗೆ ತಿರುಗಿಸಲಾಗದೆ, ಟ್ರೇಲರನ್ನು ಎಲ್ಲೋ ಕಳಚಿಟ್ಟು, ಬರೀ ತಲೆಯನ್ನು ಚಾರ್ಜರಿಗೆ ಒಯ್ದು, ಮತ್ತೆ ಬಂದು ಜೋಡಿಸಿಕೊಳ್ಳಬೇಕಾಗುತ್ತದೆ. ಸಬ್‌ಸ್ಟೇಷನ್ ಅವರ ಆ 45 ನಿಮಿಷದ ಊಟ ಅಲ್ಲಿಗೆ ಮುಗಿಯಿತು. ಹೊಸ ತಾಣಗಳನ್ನು ಕಟ್ಟುವವರು ಲಾರಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುವಂತೆ ಕಟ್ಟಲಿ, ಮೆಗಾವ್ಯಾಟಿನ ಮಾತು ಆಮೇಲೆ.

ಗೇರುಪೆಟ್ಟಿಗೆ:

ಇಳಿಜಾರು ಅವರಿಗೆ ಒಂದು ಕೊನೆಯ ಪ್ರಶ್ನೆ. ಡಿಪೋ ಬೆಟ್ಟದ ಮೇಲಿದೆ, ರಾತ್ರಿಯಿಡೀ ಚಾರ್ಜ್ ಆಗಿ ಬ್ಯಾಟರಿ ತುಂಬಿ ತುಳುಕುತ್ತಿದೆ, ಮುಂಜಾನೆ ಲಾರಿ ಹೊರಟ ಕೂಡಲೇ ಇಳಿಜಾರು. ಹುಟ್ಟುವ ವಿದ್ಯುತ್ತನ್ನು ಇಡುವುದೆಲ್ಲಿ? 40 ಟನ್ನನ್ನು ಬರೀ ಚಕ್ರದ ಬ್ರೇಕಿನ ಮೇಲೆ ಇಳಿಸಲು ನಾನಂತೂ ಒಪ್ಪಲಾರೆ.

ಇಳಿಜಾರು:

ಒಪ್ಪಲೂಬಾರದು. ಅಂಥ ಡಿಪೋದಲ್ಲಿ ಬ್ಯಾಟರಿಯನ್ನು ಶೇಕಡಾ 90ಕ್ಕೇ ನಿಲ್ಲಿಸಬೇಕು. 620 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯಲ್ಲಿ ಹಾಗೆ ಉಳಿಯುವ 60ರಷ್ಟು ಜಾಗ ನಾನು ಮೇಲೆ ಲೆಕ್ಕ ಹಾಕಿದ ಹತ್ತು ಕಿಲೋಮೀಟರ್ ಇಳಿಜಾರಿಗೆ ಸಾಲುತ್ತದೆ. ಅದಕ್ಕಿಂತ ಉದ್ದದ ಇಳಿಜಾರಾದರೆ ಇನ್ನಷ್ಟು ಜಾಗ ಬಿಡಬೇಕು, ಇಲ್ಲವೇ ಹೆಚ್ಚಾದದ್ದನ್ನು ಸುಡುವ ಬ್ರೇಕ್ ರೆಸಿಸ್ಟರ್ ಇರುವ ಲಾರಿಯನ್ನೇ ಆರಿಸಬೇಕು. ಚಳಿಯಲ್ಲಿ ತಣ್ಣಗಾದ ಬ್ಯಾಟರಿ, ಜಾಗವಿದ್ದರೂ ಅಷ್ಟು ವೇಗವಾಗಿ ವಿದ್ಯುತ್ತನ್ನು ಒಳಗೆಳೆದುಕೊಳ್ಳುವುದಿಲ್ಲ. ಆದ್ದರಿಂದ ಹೊರಡುವ ಮುನ್ನ, ಚಾರ್ಜರಿನ ಕೇಬಲ್ ಇನ್ನೂ ಸಿಕ್ಕಿಸಿರುವಾಗಲೇ, ಅದನ್ನು ಬೆಚ್ಚಗೆ ಮಾಡಿಕೊಂಡು ಹೊರಡಬೇಕು.